ಒಂದು ವಾಲ್ವ್ ಸರಿ ಮಾಡಿದ್ರೆ ಉಳಿದ ಲೀಕು ತಾನಾಗೇ ನಿಲ್ಲುತ್ತಾ?

ಡೊಂಬಿವಲಿಯ ಓದುಗರಿಗೆ,

ನಿಮ್ಮ ಅತ್ತೆಗೆ ಪರೇಲ್‌ನಲ್ಲಿ ಮೈಟ್ರಲ್ ವಾಲ್ವ್ (ಹೃದಯದ ಎಡಭಾಗದ ಕವಾಟ) ಆಪರೇಷನ್ ನಿಗದಿಯಾಗಿದೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಟ್ರೈಕಸ್ಪಿಡ್ (ಬಲಭಾಗದ ಕವಾಟ) ಮಾಡರೇಟ್ ಅಂದ್ರೆ ಮಧ್ಯಮ ಲೀಕು, ಅಯೋರ್ಟಿಕ್ (ಹೃದಯದಿಂದ ಮೈಗೆ ರಕ್ತ ಹೋಗೋ ದಾರಿಯ ಕವಾಟ) ಮೈಲ್ಡ್ ಅಂದ್ರೆ ಸ್ವಲ್ಪ ಲೀಕು ಅಂತ ಬೇರೆ ಬಂದಿದೆ, ಒಬ್ಬ ಡಾಕ್ಟರು ಮೈಟ್ರಲ್ ಸರಿಯಾದ್ರೆ ಉಳಿದದ್ದು ಇಳಿಯುತ್ತೆ ಅಂದ್ರೆ ಇನ್ನೊಬ್ಬರು ಟ್ರೈಕಸ್ಪಿಡ್‌ಗೂ ರಿಂಗ್ (ಹಿಗ್ಗಿದ ಕವಾಟವನ್ನ ಬಿಗಿ ಮಾಡೋ ಬಳೆ) ಹಾಕೋಣ ಅಂದ್ರು, ಯಾರ ಮಾತು ಕೇಳೋದು ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ, ಓದಿ ತಿಳ್ಕೊಂಡಿದ್ದನ್ನ ಹೇಳ್ತೀನಿ. ಇಬ್ಬರ ಮಾತಲ್ಲೂ ಹುರುಳಿದೆ.

ಮೈಟ್ರಲ್ ಕೆಟ್ಟರೆ ರಕ್ತ ಹಿಂದಕ್ಕೆ ಒತ್ತುತ್ತೆ, ದಾದರ್‌ನಲ್ಲಿ ಒಂದು ಲೋಕಲ್ ನಿಂತ್ರೆ ಹಿಂದಿನ ಗಾಡಿಗಳೆಲ್ಲಾ ಸಾಲಾಗಿ ನಿಲ್ಲೋ ಹಾಗೆ, ಮೊದಲು ಶ್ವಾಸಕೋಶ, ಆಮೇಲೆ ಹೃದಯದ ಬಲಭಾಗ, ಅಲ್ಲಿ ಟ್ರೈಕಸ್ಪಿಡ್ ಕೂತಿರೋ ಉಂಗುರ ಹಿಗ್ಗುತ್ತೆ, ವಾಲ್ವಿನ ಎಲೆಗಳು (ತೆರೆದು ಮುಚ್ಚೋ ಪದರಗಳು) ಚೆನ್ನಾಗಿದ್ರೂ ಒಂದಕ್ಕೊಂದು ಮುಟ್ಟಲ್ಲ, ಲೀಕು ಶುರು. ಮೈಟ್ರಲ್ ಸರಿಯಾದ್ಮೇಲೆ ಪ್ರೆಶರ್ ಇಳಿದು ಇದು ಕಮ್ಮಿಯಾಗಬಹುದು. ಆದ್ರೆ ಬಹಳ ಹಿಗ್ಗಿದ ಉಂಗುರ ವಾಪಸ್ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಅದಕ್ಕೇ ಉಂಗುರದ ಅಗಲ 40 ಮಿಲಿಮೀಟರ್ ಮುಟ್ಟಿದ್ರೆ ಇದೇ ಆಪರೇಷನ್ನಲ್ಲಿ ರಿಂಗ್ ಹಾಕೋ ವಿಚಾರ ಮಾಡ್ತಾರೆ. ಬಿಟ್ಟು, ನಾಲ್ಕೈದು ವರ್ಷ ಆದ್ಮೇಲೆ ಅದೊಂದಕ್ಕೇ ಮತ್ತೆ ಎದೆ ತೆರೆಯೋದು ತುಂಬಾ ರಿಸ್ಕು.

ರಿಂಗ್ ಹಾಕೋದೂ ಪುಕ್ಕಟೆ ಅಲ್ಲ. 2022ರಲ್ಲಿ 401 ಜನರ ಒಂದು ಟ್ರಯಲ್ ಬಂತು (ರುಮ್ಯಾಟಿಕ್ ಅಂದ್ರೆ ಚಿಕ್ಕಂದಿನ ಕೀಲುನೋವಿನ ಜ್ವರದಿಂದ ಕೆಟ್ಟದ್ದಲ್ಲ, ಸವೆದ ಮೈಟ್ರಲ್‌ನವರು), ರಿಂಗ್ ಹಾಕಿದವರಲ್ಲಿ ಲೀಕು ಜಾಸ್ತಿಯಾಗೋದು ಬಹಳ ಕಮ್ಮಿ, ಆದ್ರೆ ಪೇಸ್‌ಮೇಕರ್ (ಹೃದಯದ ಬಡಿತ ಸರಿ ಇಡೋ ಯಂತ್ರ) ಬೇಕಾದವರು ನೂರಕ್ಕೆ 14, ಹಾಕದವರಲ್ಲಿ ಎರಡೂವರೆ. ಎರಡನೇ ಡಾಕ್ಟರು ಈ ಮಾತು ಹೇಳಿದ್ರಾ?

ಅಯೋರ್ಟಿಕ್ ಮೈಲ್ಡ್ ಇದ್ರೆ ಸಾಮಾನ್ಯವಾಗಿ ಮುಟ್ಟಲ್ಲ, ಆಗಾಗ ಎಕೋ ಮಾಡಿಸ್ತಾ ಇರ್ತಾರೆ, ಆದ್ರೆ ಮೈಟ್ರಲ್ ಸರಿಯಾಯ್ತು ಅಂತ ಅದು ವಾಸಿಯಾಗಲ್ಲ. ಅತ್ತೆಗೆ ಚಿಕ್ಕವರಿದ್ದಾಗ ಕೀಲುನೋವಿನ ಜ್ವರ ಬಂದಿತ್ತು ಅಂದಿದ್ದೀರಿ, ಅದು ರುಮ್ಯಾಟಿಕ್ ಆಗಿದ್ರೆ ವಾಲ್ವಿನ ಎಲೆಗಳೇ ದಪ್ಪಗಾಗಿ ಮುದುಡಿರುತ್ತೆ, ಪ್ರೆಶರ್ ಇಳಿದ್ರೂ ಎಲೆ ಮೊದಲಿನ ಹಾಗಾಗಲ್ಲ. ಹಾಗಾಗಿ ಸರ್ಜನ್ ಹತ್ರ ಕೇಳಬೇಕಾದ್ದು, ಟ್ರೈಕಸ್ಪಿಡ್ ಉಂಗುರ ಎಷ್ಟು ಮಿಲಿಮೀಟರ್, ಎಲೆ ಕೆಟ್ಟಿದೆಯಾ ಇಲ್ಲಾ ಬರೀ ಹಿಗ್ಗಿದೆಯಾ. ಇದು ಮೊದಲೇ ತೀರ್ಮಾನ ಆಗಿರಲಿ, ಯಾಕಂದ್ರೆ ಅನಸ್ತೇಶಿಯಾ ಕೊಟ್ಟಾಗ ಬಿಪಿ ಇಳಿದು ಲೀಕು ಇರೋದಕ್ಕಿಂತ ಕಮ್ಮಿ ಕಾಣುತ್ತೆ.

ಹಾಂ, ಹಲ್ಲು ತೋರಿಸಿದ್ದೀರಾ? ಹುಳುಕು ಹಲ್ಲಿನ ಇನ್‌ಫೆಕ್ಷನ್ ಹೊಸ ವಾಲ್ವಿಗೆ ಹತ್ತಬಹುದು, ಡೇಟ್ ಹತ್ರ ಬರೋ ಮೊದಲೇ ಆ ಕೆಲಸ ಮುಗಿಸಿಬಿಡಿ.

- ಸಂ.