ಹಳೆಯ ಗೋಡೆಗೆ ಯಾವ ಗಾರೆ?

ಪ್ರಶ್ನೆ: ನೂರು ವರ್ಷ ಹಳೆಯದಾದ ನಮ್ಮ ಇಟ್ಟಿಗೆ ಮನೆಯ ಹೊರಗೋಡೆಯಲ್ಲಿ ತೇವ ಕಾಣಿಸಿಕೊಂಡದ್ದರಿಂದ, ಎಂಟು ವರ್ಷಗಳ ಹಿಂದೆ ಸುಣ್ಣದ ಗಾರೆಯನ್ನು ಕೆತ್ತಿಸಿ ಸಿಮೆಂಟಿನ ಗಿಲಾವು ಮಾಡಿಸಿದೆವು. ಈಗ ಗಿಲಾವು ಹಪ್ಪಳದಂತೆ ಎದ್ದು ಬೀಳುತ್ತಿದೆ, ಒಳಗಿನ ಇಟ್ಟಿಗೆ ಮುಟ್ಟಿದರೆ ಪುಡಿಯಾಗುತ್ತಿದೆ, ತೇವವಂತೂ ಮೊದಲಿಗಿಂತ ಎತ್ತರಕ್ಕೆ ಏರಿದೆ. ಜಲನಿರೋಧಕ ಬೆರೆಸಿ ಇನ್ನೂ ಗಟ್ಟಿಯಾದ ಸಿಮೆಂಟು ಹಾಕೋಣವೆಂದು ಗೌಂಡಿಯವರು ಹೇಳುತ್ತಾರೆ. ಏನು ಮಾಡಬೇಕು?
– ಓದುಗರೊಬ್ಬರು, ಧಾರವಾಡ ಜಿಲ್ಲೆ

ಉತ್ತರ: ದಯವಿಟ್ಟು ಮತ್ತೊಮ್ಮೆ ಸಿಮೆಂಟು ಹಾಕಿಸಬೇಡಿ, ನಿಮ್ಮ ಇಟ್ಟಿಗೆಯನ್ನು ತಿನ್ನುತ್ತಿರುವುದೇ ಆ ಗಿಲಾವು. ಅಂದಿನ ಮನೆಗಳ ತಳಪಾಯದಲ್ಲಿ ನೆಲದ ತೇವವನ್ನು ತಡೆಯುವ ಪದರ ಸಾಮಾನ್ಯವಾಗಿ ಇರುತ್ತಿರಲಿಲ್ಲ. ನೆಲದ ನೀರು ಇಟ್ಟಿಗೆಯ ಸಣ್ಣ ರಂಧ್ರಗಳ ಮೂಲಕ ಮೇಲೇರಿದರೂ, ಸುಣ್ಣದ ಗಾರೆ ಅದನ್ನು ಆವಿಯಾಗಿ ಹೊರಗೆ ಬಿಡುತ್ತಿದ್ದುದರಿಂದ ಗೋಡೆ ತಾನಾಗಿ ಒಣಗುತ್ತಿತ್ತು. ಸಾಂದ್ರವಾದ ಸಿಮೆಂಟು ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದಾಗ ನೀರು ಹೊರಬರಲು ಇನ್ನೂ ಎತ್ತರಕ್ಕೆ ಏರುತ್ತದೆ. ಅದರೊಂದಿಗೆ ಬಂದ ಲವಣಗಳು ಗಿಲಾವಿನ ಹಿಂದೆ ಹರಳುಗಟ್ಟಿ, ಉಬ್ಬಿ, ಇಟ್ಟಿಗೆಯ ಮೈಯನ್ನು ಒಡೆಯುತ್ತವೆ. ಹಳೆಯ ಕಟ್ಟಡದಲ್ಲಿ ಗಾರೆ ಯಾವಾಗಲೂ ಇಟ್ಟಿಗೆಗಿಂತ, ಕಲ್ಲಿಗಿಂತ ಮೆತ್ತಗಿರಬೇಕು. ಸವೆಯಬೇಕಾದುದು ಗಾರೆ, ಏಕೆಂದರೆ ಅದನ್ನು ಮತ್ತೆ ತುಂಬಬಹುದು. ಸವೆದ ಇಟ್ಟಿಗೆಯನ್ನು ಮತ್ತೆ ತುಂಬಲಾಗದು.

ಮೊದಲು ಮನೆಯ ಸುತ್ತ ಒಮ್ಮೆ ನಡೆದು ನೋಡಿ. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ, ಅಂಗಳದ ಇಳಿಜಾರು ಮನೆಯ ಕಡೆಗೇ ಇದ್ದರೆ, ಅದನ್ನು ಸರಿಪಡಿಸದೆ ಯಾವ ಗಾರೆಯೂ ನಿಲ್ಲುವುದಿಲ್ಲ. ಆಮೇಲೆ ಸಿಮೆಂಟನ್ನು ಸಣ್ಣ ಉಳಿ, ಸುತ್ತಿಗೆಗಳಿಂದ ನಿಧಾನವಾಗಿ ತೆಗೆಸಿ, ಯಂತ್ರ ಬೇಡ. ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಹಾಗೆಯೇ ಒಣಗಲು ಬಿಟ್ಟು, ಮೇಲೆ ಬಂದ ಬಿಳಿ ಉಪ್ಪನ್ನು ಒಣ ಕುಂಚದಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಹೊಸ ಗಾರೆಗೆ ಚೆನ್ನಾಗಿ ಅರಳಿಸಿ, ಜರಡಿ ಹಿಡಿದು, ಕೆಲವು ವಾರಗಳಾದರೂ ನೀರಿನಡಿಯಲ್ಲಿ ನೆನೆಸಿಟ್ಟ ಸುಣ್ಣವೇ ಬೇಕು; ಅರಳದ ಹರಳುಗಳು ಉಳಿದರೆ ಅವು ಗೋಡೆಯ ಮೇಲೆ ಅರಳಿ ಗುಳ್ಳೆ ಏಳಿಸುತ್ತವೆ. (ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಇಳಿಸಬೇಡಿ.) ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಎಂಬುದು ಸಾಮಾನ್ಯ ಅಳತೆ, ತೇವವಿರುವ ಬುಡದಲ್ಲಿ ಮರಳಿನ ಒಂದು ಭಾಗದ ಬದಲು ಸುರ್ಕಿ, ಅಂದರೆ ಹದವಾಗಿ ಸುಟ್ಟ ಇಟ್ಟಿಗೆಯ ನುಣ್ಣನೆಯ ಪುಡಿ, ಬೆರೆಸಿ. ಒಂದೇ ಸಲಕ್ಕೆ ದಪ್ಪವಾಗಿ ಮೆತ್ತದೆ, ತೆಳುವಾದ ಪದರಗಳಲ್ಲಿ ಹಚ್ಚಿಸಿ, ಒದ್ದೆ ಗೋಣಿತಾಟು ಇಳಿಬಿಟ್ಟು ಗಾರೆ ಬೇಗ ಒಣಗದಂತೆ ಕೆಲವು ದಿನ ಕಾಪಾಡಿ. ಸುಣ್ಣ ಗಟ್ಟಿಯಾಗುವುದು ಒಣಗುವುದರಿಂದಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುವುದರಿಂದ, ಅದಕ್ಕೆ ಸ್ವಲ್ಪ ತೇವವೂ ತಿಂಗಳುಗಟ್ಟಲೆ ಸಮಯವೂ ಬೇಕು. ಕೊನೆಗೆ ಬಳಿಯುವುದೂ ಸುಣ್ಣವೇ ಆಗಿರಲಿ. ಪ್ಲಾಸ್ಟಿಕ್ ಬಣ್ಣ ಬಳಿದರೆ ಸಿಮೆಂಟು ಮಾಡಿದ ತಪ್ಪನ್ನು ಬಣ್ಣ ಮಾಡುತ್ತದೆ.

ಪ್ರಶ್ನೆ: ಸುಣ್ಣದ ಗಾರೆ ನೀರನ್ನೂ ಭಾರವನ್ನೂ ತಡೆಯಬಲ್ಲದೇ? ಬೆಲ್ಲ, ಅಳಲೆಕಾಯಿ, ಮೊಟ್ಟೆ ಹಾಕಲೇಬೇಕೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಊರಿನ ಪಕ್ಕದಲ್ಲೇ ಉತ್ತರವಿದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಸುಟ್ಟ ಜೇಡಿಯಲ್ಲಿರುವ ಸಿಲಿಕಾ ಮತ್ತು ಅಲ್ಯುಮಿನಾ ಸುಣ್ಣದೊಡನೆ ಕೂಡಿ, ಗಾಳಿಯ ಹಂಗಿಲ್ಲದೆ ನೀರಿನಲ್ಲೂ ಗಟ್ಟಿಯಾಗುತ್ತವೆ. ಭಾರದ ಮಾತಿಗೆ ವಿಜಯಪುರದ ಗೋಳಗುಮ್ಮಟವನ್ನು ನೋಡಿ: 1656ರ ಹೊತ್ತಿಗೆ ಮುಗಿದ ಆ ಗುಮ್ಮಟದ ಇಟ್ಟಿಗೆಗಳನ್ನು ಇಂದಿಗೂ ಹಿಡಿದಿರುವುದು ಸುಣ್ಣದ ಗಾರೆ, ಅದೂ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ದೊರೆಯುವುದಕ್ಕೆ ಸುಮಾರು 170 ವರ್ಷ ಮೊದಲು.

ಬೆಲ್ಲದ ನೀರಿನಲ್ಲಿ ಸುಣ್ಣ ಹೆಚ್ಚು ಕರಗುತ್ತದೆ, ಗಾರೆ ನುಣುಪಾಗಿ ಕೈಗೆ ಹದವಾಗಿ ಬರುತ್ತದೆ. ಆದರೆ ಅತಿಯಾದರೆ ಗಟ್ಟಿಯಾಗುವುದೇ ತಡವಾಗುತ್ತದೆ. ಮೊಟ್ಟೆಯ ಲೋಳೆಯನ್ನು ಹೆಚ್ಚಾಗಿ ಬಳಸುತ್ತಿದ್ದುದು ಹೊಳಪಿನ ಮೇಲ್ಪದರಕ್ಕೆ. ಇವುಗಳ ಬಗ್ಗೆ ಕುತೂಹಲ ಸಹಜವಾದರೂ, ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಸುಣ್ಣ, ಮಣ್ಣಿಲ್ಲದ ಮರಳು, ಗಾಣದಲ್ಲಿ ತಾಳ್ಮೆಯಿಂದ ಅರೆಯುವುದು, ಇವು ಮೂರೂ ಇಲ್ಲದ ಗಾರೆಯನ್ನು ಬೆಲ್ಲ ಉಳಿಸಲಾರದು. ಮೂಲ ಗಾರೆಯ ಚೂರನ್ನು ಪುಡಿಮಾಡಿ, ತೂಗಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಸುಣ್ಣ ಕರಗಿ ಮರಳು, ಸುರ್ಕಿ ಉಳಿಯುತ್ತವೆ. ಅವುಗಳ ತೂಕದಿಂದ ಹಳಬರ ಅಳತೆ ತಕ್ಕಮಟ್ಟಿಗೆ ತಿಳಿಯುತ್ತದೆ. ಕರಾವಳಿಯ ಗಾರೆಯಲ್ಲಿ ಮಾತ್ರ ಎಚ್ಚರ ಬೇಕು: ಮರಳಿನಲ್ಲಿರುವ ಚಿಪ್ಪಿನ ಚೂರುಗಳೂ ಕರಗಿ ಲೆಕ್ಕ ತಪ್ಪಿಸುತ್ತವೆ.

ಪ್ರಶ್ನೆ: ನಮ್ಮೂರ ಹಳೆಯ ದೇಗುಲದ ಕಲ್ಲಿನ ಸಂದುಗಳಿಗೆ ಸಿಮೆಂಟು ತುಂಬಿಸಲು ಸಮಿತಿಯವರು ಹೊರಟಿದ್ದಾರೆ. ತಡೆಯಬೇಕೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಖಂಡಿತ ತಡೆಯಿರಿ, ಆದರೆ ಜಗಳವಾಡದೆ. ಅದು ಸಂರಕ್ಷಿತ ಸ್ಮಾರಕವೇ ಎಂದು ಮೊದಲು ವಿಚಾರಿಸಿ. ಪ್ರಾಚೀನ ಸ್ಮಾರಕಗಳ ಬಗೆಗಿನ ಕೇಂದ್ರದ 1958ರ ಅಥವಾ ರಾಜ್ಯದ 1961ರ ಕಾಯ್ದೆಯಡಿ ಸಂರಕ್ಷಿತವಾಗಿದ್ದರೆ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಕೈಹಚ್ಚುವಂತಿಲ್ಲ. ನಿಮ್ಮ ಕಡೆಯ ಅನೇಕ ಹೊಯ್ಸಳ ಗುಡಿಗಳಂತೆ ಅದೂ ಬಳಪದ ಕಲ್ಲಿನದಾಗಿದ್ದರೆ ಗೋಡೆಯ ಕಲ್ಲುಗಳು ಗಾರೆಯಿಲ್ಲದೆ ಒಂದಕ್ಕೊಂದು ಕೂತಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ತುಂಬುವುದಕ್ಕೆ ಏನೂ ಇಲ್ಲ. ಸೋರುವುದು ಸಾಮಾನ್ಯವಾಗಿ ಛಾವಣಿ. ಅದರ ಮೇಲಿನ ಗಿಡಗಳನ್ನು ಬೇರುಸಹಿತ ತೆಗೆಸಿ, ಹಳೆಯ ಸುಣ್ಣದ ಗಚ್ಚು ಬಿರುಕುಬಿಟ್ಟಲ್ಲಿ ಸುಣ್ಣ, ಸುರ್ಕಿಗಳಿಂದಲೇ ದುರಸ್ತಿ ಮಾಡಿಸಲು ಸಮಿತಿಯವರನ್ನು ಒಪ್ಪಿಸಿ. ಮೊದಲು ಒಂದು ಗಜದಷ್ಟು ಜಾಗದಲ್ಲಿ ಮಾಡಿ, ಒಂದು ಮಳೆಗಾಲ ಕಾದು ನೋಡಲಿ.