ಪುಟ ಕುಣಿಯಬೇಕಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕು

ಅರ್ಜಿ ತುಂಬುವ ನಿಮ್ಮ ವೆಬ್ ಅಪ್ಲಿಕೇಶನ್ ‘ಇನ್ನಷ್ಟು ಜೀವಂತ’ವಾಗಬೇಕು, ಅದಕ್ಕೆ ರಿಯಾಕ್ಟ್, ವ್ಯೂ ಎಂಬ ಎರಡು ಜಾವಾಸ್ಕ್ರಿಪ್ಟ್ ಸಲಕರಣೆಗಳಲ್ಲಿ ಯಾವುದನ್ನು ಕಲಿಯಬೇಕು ಎಂದು ಕೇಳಿದ್ದೀರಿ. ಇದೇ ಗೀಳು ಹತ್ತಿಸಿಕೊಂಡು ನಾನು ಒಂದು ಕೆಲಸವನ್ನೇ ಕಳೆದುಕೊಂಡೆ.

ಮಲೆನಾಡಿನ ಒಂದು ಸಹಕಾರ ಸಂಘಕ್ಕೆ ಸದಸ್ಯತ್ವದ ಅರ್ಜಿಯನ್ನು ಆನ್‌ಲೈನ್ ಮಾಡಿಕೊಡಬೇಕಿತ್ತು. ಪ್ರತಿ ಕೀಲಿ ಒತ್ತಿದಾಗಲೂ ಪುಟ ಏನಾದರೂ ಮಾಡುತ್ತಿರಬೇಕು ಎಂಬುದು ನನ್ನ ಹಟ. ಹೆಸರಿನ ಖಾನೆಯಲ್ಲಿ ಅಂಕಿಯೋ ಬೇಡದ ಚಿಹ್ನೆಯೋ ಬಿದ್ದರೆ ಆ ಕ್ಷಣವೇ ಅಳಿಸುವ ನಿಯಮ ಬರೆದೆ: ಜಗತ್ತಿನ ಲಿಪಿಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಯೂನಿಕೋಡ್ ಮಾನದಂಡ ‘ಅಕ್ಷರ’ ಎಂದು ವರ್ಗೀಕರಿಸಿದ್ದು ಮತ್ತು ಖಾಲಿ ಜಾಗ, ಇವೆರಡೇ ಉಳಿಯಬೇಕು. ಇಂಗ್ಲಿಷ್ ಹೆಸರುಗಳನ್ನು ಹಾಕಿ ನೋಡಿ ಬೆನ್ನು ತಟ್ಟಿಕೊಂಡೆ. ಸಂಘದವರು ಕನ್ನಡದಲ್ಲಿ ಟೈಪ್ ಮಾಡಿದರು. ಕೃಷ್ಣ ‘ಕಷಣ’ನಾದ, ಲಕ್ಷ್ಮಿ ‘ಲಕಷಮ’ಳಾದಳು, ಹನುಮಂತ ‘ಹನಮತ’ನಾದ.

ಏಕೆಂದರೆ ಯೂನಿಕೋಡ್‌ನ ಲೆಕ್ಕದಲ್ಲಿ ‘ಕೃಷ್ಣ’ದಲ್ಲಿ ಕ, ಷ, ಣ ಮಾತ್ರ ಅಕ್ಷರಗಳು. ಗುಡಿಸು, ಕೊಂಬು, ವಟ್ರಸುಳಿ, ಅನುಸ್ವಾರ, ಒತ್ತಕ್ಷರ ಮಾಡುವ ಹಲಂತ ಇವೆಲ್ಲ ‘ಚಿಹ್ನೆ’ ಎಂಬ ಬೇರೆಯದೇ ವರ್ಗ. ನನ್ನ ನಿಯಮ ಕಾಗುಣಿತವನ್ನೆಲ್ಲ ಕಸವೆಂದು ಗುಡಿಸಿ ಹಾಕಿತ್ತು. ಆ ವರ್ಗವನ್ನೂ ಸೇರಿಸಿದೆ. ಆಗ ‘ರಾಜ್‌ಕುಮಾರ್’ ಬರೆದರೆ ‘ರಾಜ್ಕುಮಾರ್’ ಆಗತೊಡಗಿತು. ಜ್ ಮತ್ತು ಕು ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದು ಮೂರನೆಯ ವರ್ಗದ್ದು! ಅದನ್ನೂ ಬಿಟ್ಟುಕೊಟ್ಟೆ. ಆದರೂ ಹೆಸರಿನ ನಡುವೆ ಏನಾದರೂ ತಿದ್ದಲು ಹೋದವರಿಗೆ ಕರ್ಸರ್ ಕೊನೆಗೆ ಹಾರುತ್ತಿತ್ತು, ಏಕೆಂದರೆ ಅವರು ಬರೆಯುತ್ತಿರುವಾಗಲೇ ನನ್ನ ಕೋಡ್ ಖಾನೆಯನ್ನು ಮತ್ತೆ ಬರೆಯುತ್ತಿತ್ತು. ಮೊಬೈಲ್ ಕೀಲಿಮಣೆ ಪದವನ್ನು ಇನ್ನೂ ಕಟ್ಟುತ್ತಿರುವಾಗ ಕೋಡ್ ಕೈ ಹಾಕಿದರೆ ಅಕ್ಷರಗಳು ಇಮ್ಮಡಿಸುವುದೂ ಉಂಟು. ಇದನ್ನೆಲ್ಲ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಸಂಘ ಮುದ್ರಿತ ಅರ್ಜಿಗೆ ಮರಳಿತ್ತು. ಬಾಕಿ ಹಣ ಕೇಳುವ ಮುಖ ನನಗಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಿಲ್ಲ. ಜನರು ಬರೆದದ್ದನ್ನು ಪುಟ ಮುಟ್ಟಬಾರದು. ತಪ್ಪಿದ್ದರೆ ಅವರು ಖಾನೆ ಬಿಟ್ಟು ಮುಂದೆ ಹೋದ ಮೇಲೆ, ಆ ಖಾನೆಯ ಕೆಳಗೇ, ಏನು ಬದಲಿಸಬೇಕೆಂದು ಹೇಳಿ. ‘ಅಮಾನ್ಯ ಇನ್‌ಪುಟ್’ ಎಂಬುದು ಬೈಗುಳ. ‘ಪಿನ್‌ಕೋಡ್‌ನಲ್ಲಿ 6 ಅಂಕಿ ಇರಬೇಕು’ ಎಂಬುದು ಸಹಾಯ. ಹೆಸರಿಗಂತೂ ನಿಯಮವೇ ಬೇಡ, ಖಾಲಿ ಬಿಡಬಾರದು ಎಂಬುದೊಂದನ್ನು ಬಿಟ್ಟು.

ತಂತ್ರಾಂಶ ಬಳಸಲು ಎಷ್ಟು ಸುಲಭ ಎಂಬುದನ್ನು ಅಧ್ಯಯನ ಮಾಡುವ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲಿಯೇ ಬರೆದಿಟ್ಟ ಅಳತೆ ಈಗಲೂ ನಿಲ್ಲುತ್ತದೆ: 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಕೂಡಲೇ ಆಯಿತೆನ್ನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಎಳೆ ತುಂಡಾಗುವುದಿಲ್ಲ, 10 ಸೆಕೆಂಡ್ ದಾಟಿದರೆ ಗಮನ ಬೇರೆಡೆ ಹೋಗುತ್ತದೆ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಸರ್ವರ್ ಉತ್ತರ 0.1 ಸೆಕೆಂಡಿನಲ್ಲಿ ಬರುವುದು ಅಪರೂಪ, ಆದರೆ ಬಟನ್ ‘ಕಳುಹಿಸಲಾಗುತ್ತಿದೆ’ ಎಂದು ಬದಲಾಗಬಹುದಲ್ಲ? ಆ ಬದಲಾವಣೆ ಕಾಣದಿದ್ದರೆ ಜನ ಮತ್ತೆ ಮತ್ತೆ ಒತ್ತುತ್ತಾರೆ. ಬಟನ್ ಅನ್ನು ತಡೆದರಷ್ಟೇ ಸಾಲದು. ಪ್ರತಿ ಅರ್ಜಿಗೂ ಮೊದಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಸರ್ವರ್ ಹೊಸ ದಾಖಲೆ ಮಾಡದಂತೆ ನೋಡಿಕೊಳ್ಳಿ. ಅರ್ಧ ತುಂಬಿದ ಅರ್ಜಿಯನ್ನು ಬ್ರೌಸರ್‌ನಲ್ಲೇ ಉಳಿಸಿಡಿ, ಆದರೆ ಆಧಾರ್ ಸಂಖ್ಯೆಯಂಥದ್ದನ್ನು ಬೇಡ. ಸೈಬರ್ ಕೆಫೆಯ ಕಂಪ್ಯೂಟರ್‌ನಲ್ಲಿ ತುಂಬುವವರಿದ್ದಾರೆ.

ಬಟನ್‌ನಂತೆ ಕಾಣುವ ಚೌಕ ಮಾಡಬೇಡಿ, ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಜವಾದ ಬಟನ್ ಬಳಸಿ. ಕೀಲಿಮಣೆಯಿಂದ ಒತ್ತುವುದು, ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ಗುರುತಿಸುವುದು ಎರಡೂ ಬಿಟ್ಟಿಯಾಗಿ ಸಿಗುತ್ತವೆ.

ರಿಯಾಕ್ಟೋ ವ್ಯೂವೋ? ಒಂದೇ ಅರ್ಜಿಯ ಪುಟಕ್ಕೆ ಎರಡೂ ಬೇಡ, ಸಾದಾ ಜಾವಾಸ್ಕ್ರಿಪ್ಟ್ ಸಾಕು. ಕಲಿಯಲೇಬೇಕೆಂದಿದ್ದರೆ ನಿಮ್ಮ ಪಕ್ಕದಲ್ಲಿ ಕುಳಿತವರಿಗೆ ಯಾವುದು ಗೊತ್ತೋ ಅದನ್ನು ಕಲಿಯಿರಿ.