ಅಡಿಕೆ ಬುಡದ ಅಣಬೆ ಸಕ್ಕರೆ ಕಾಯಿಲೆಗೆ ಮದ್ದೇ?

ಪ್ರಶ್ನೆ: ನಾನು ಶಿರಸಿ ಸೀಮೆಯ ಅಡಿಕೆ ಬೆಳೆಗಾರ, ವಯಸ್ಸು 58. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ತೆಗೆದುಕೊಳ್ಳುತ್ತೇನೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.1 ಬಂದಿದೆ. ಪರಿಚಯದವರೊಬ್ಬರು ‘ರೀಶಿ’ ಅಣಬೆಯ ಕ್ಯಾಪ್ಸೂಲ್ ತಂದುಕೊಟ್ಟು, ಆರು ತಿಂಗಳಲ್ಲಿ ಮಾತ್ರೆ ಬಿಡಬಹುದು ಎನ್ನುತ್ತಾರೆ. ಡಬ್ಬಿಯ ಮೇಲೆ ‘ಗ್ಯಾನೋಡರ್ಮಾ ಲುಸಿಡಮ್’ ಎಂದಿದೆ. ನಮ್ಮ ಅಡಿಕೆಯ ಅಣಬೆ ರೋಗಕ್ಕೂ ಕೃಷಿ ಪುಸ್ತಕದಲ್ಲಿ ಅದೇ ಹೆಸರು! ಹಾಗಾದರೆ ಮರದ ಬುಡದಲ್ಲಿರುವುದನ್ನೇ ಒಣಗಿಸಿ ಕಷಾಯ ಮಾಡಬಹುದೇ?

ಉತ್ತರ: ಡಬ್ಬಿಯ ಹೆಸರನ್ನೂ ತೋಟದ ರೋಗವನ್ನೂ ತಾಳೆ ನೋಡಿದ್ದೀರಲ್ಲ, ಮೆಚ್ಚಿದೆ. ಆದರೆ ಕಷಾಯ ಬೇಡ.

‘ಲುಸಿಡಮ್’ ಎಂಬ ಹೆಸರು ಹುಟ್ಟಿದ್ದು 1781ರಲ್ಲಿ, ಇಂಗ್ಲೆಂಡಿನಲ್ಲಿ ಸಿಕ್ಕ ಅಣಬೆಯೊಂದಕ್ಕೆ. ಆಮೇಲೆ ವಾರ್ನಿಷ್ ಬಳಿದಂತೆ ಹೊಳೆಯುವ ಕೆಂಪು ಅಣಬೆಗಳಿಗೆಲ್ಲ ಲೋಕದ ತುಂಬ ಅದೇ ಹೆಸರು ಅಂಟಿತು. ಚೀನೀಯರು ಔಷಧಿಗೆ ಬಳಸುವ ಜಾತಿ (ಇದೇ ರೀಶಿ) ಬೇರೆಯೆಂದು ಗುರುತಿಸಿ ‘ಲಿಂಗ್‌ಝಿ’ ಎಂಬ ಪ್ರತ್ಯೇಕ ಹೆಸರಿಟ್ಟದ್ದು 2012ರಲ್ಲಿ. ಹೆಸರು ಒಂದಾದ ಮಾತ್ರಕ್ಕೆ ಸರಕು ಒಂದಲ್ಲ. ಜೊತೆಗೆ, ಕೊಳೆ ರೋಗಕ್ಕೆ ನೀವು ಹೊಡೆಸುವ ಬೋರ್ಡೋ ದ್ರಾವಣದ ಮೈಲುತುತ್ತ, ಅಂದರೆ ತಾಮ್ರದ ಲವಣ, ಮಳೆಯಲ್ಲಿ ತೊಳೆದು ಇಳಿಯುವುದು ಮರದ ಬುಡಕ್ಕೇ. ಅಣಬೆಗಳಿಗೆ ಲೋಹಗಳನ್ನು ಹೀರಿ ಕೂಡಿಟ್ಟುಕೊಳ್ಳುವ ಗುಣವಿದೆ.

ಇನ್ನು ಕ್ಯಾಪ್ಸೂಲ್. ಅದರ ಹಿಂದಿನ ವಿಜ್ಞಾನ ಬುರುಡೆಯಲ್ಲ. ಮಧ್ಯಾಹ್ನ ಅನ್ನಕ್ಕೆ ತಂಬುಳಿ ಕಲಸಿ ಉಂಡಿರಿ ಎನ್ನಿ. ಆ ಅನ್ನದ ಪಿಷ್ಟವನ್ನು ಗ್ಲೂಕೋಸ್ ಆಗಿ ತುಂಡರಿಸುವ ಕೊನೆಯ ಕತ್ತರಿ ಸಣ್ಣ ಕರುಳಿನ ಗೋಡೆಯಲ್ಲಿರುವ ಆಲ್ಫಾ ಗ್ಲುಕೋಸಿಡೇಸ್ ಎಂಬ ಕಿಣ್ವ. ರೀಶಿಯ ಕಹಿಗೆ ಕಾರಣವಾದ ಟ್ರೈಟರ್ಪೀನ್‌ಗಳು ಪ್ರಯೋಗಾಲಯದ ನಳಿಕೆಯಲ್ಲಿ ಈ ಕತ್ತರಿಯನ್ನು ಮೊಂಡಾಗಿಸುತ್ತವೆ. ನಾವು ಬರೆದುಕೊಡುವ ವೋಗ್ಲಿಬೋಸ್ ಮಾತ್ರೆಯ ಕೆಲಸವೂ ಇದೇ. ಅಣಬೆಯ ಪ್ರೋಟಿಯೋಗ್ಲೈಕಾನ್ ಎಂಬ ಇನ್ನೊಂದು ಅಂಶವು, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕುವ ಕಿಣ್ವವೊಂದನ್ನು ತಡೆದು ಮಧುಮೇಹದ ಇಲಿಗಳಲ್ಲಿ ಸಕ್ಕರೆ ಇಳಿಸಿದೆ.

ಇಲಿಯಿಂದ ಮನುಷ್ಯನಿಗೆ ಬಂದಾಗ ಕಥೆ ಬದಲಾಯಿತು. ಆಸ್ಟ್ರೇಲಿಯಾದಲ್ಲಿ 84 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೆಲವರಿಗೆ ದಿನಕ್ಕೆ ಮೂರು ಗ್ರಾಂ ರೀಶಿ, ಕೆಲವರಿಗೆ ರೀಶಿಯ ಜೊತೆ ಇನ್ನೊಂದು ಅಣಬೆ, ಉಳಿದವರಿಗೆ ಮದ್ದಿಲ್ಲದ ಹುಸಿ ಮಾತ್ರೆ ಕೊಟ್ಟರು. 16 ವಾರ ಕಳೆದರೂ ಬೆಳಗಿನ ಬರಿಹೊಟ್ಟೆಯ ಸಕ್ಕರೆಯಾಗಲಿ ಮೂರು ತಿಂಗಳ ಸರಾಸರಿಯಾಗಲಿ ಗಮನಾರ್ಹವಾಗಿ ಇಳಿಯಲಿಲ್ಲ. ಅದಕ್ಕೂ ಮೊದಲು, ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2015ರ ವಿಮರ್ಶೆ ಐದು ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿ ಇದೇ ಮಾತು ಹೇಳಿತ್ತು. ಬೇರೊಂದು ಅಣಬೆ, ಅಗಾರಿಕಸ್ ಬ್ಲೇಜಿ, ತೈವಾನಿನ 72 ರೋಗಿಗಳ ಪರೀಕ್ಷೆಯಲ್ಲಿ ಇನ್ಸುಲಿನ್ ಪ್ರತಿರೋಧವನ್ನು (ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡದಿರುವುದನ್ನು) ಕಡಿಮೆ ಮಾಡಿದ್ದುಂಟು. ಆದರೆ ಅವರೆಲ್ಲರೂ ಮಾತ್ರೆ ನುಂಗುತ್ತಲೇ ಇದ್ದರು. ಮಾರುವವರು ಇದೊಂದನ್ನು ಮಾತ್ರ ಹೇಳುವುದಿಲ್ಲ!

ನಿಮ್ಮ ಮೆಟ್‌ಫಾರ್ಮಿನ್ನಿನ ಮೂಲವೂ ಯುರೋಪಿನ ಒಂದು ಹುಲ್ಲುಗಾವಲು ಗಿಡವೇ. 1922ರಲ್ಲಿ ತಯಾರಾದ ಅದು ಸಕ್ಕರೆ ಕಾಯಿಲೆಯ ಮದ್ದಾಗಲು 1957ರವರೆಗೆ ಕಾಯಬೇಕಾಯಿತು. ಅಣಬೆಯ ಅಣುಗಳಿಗೂ ಅಂಥ ದಿನ ಬರಬಹುದು. ಆಗ ಅದು ಅಳತೆ ಗೊತ್ತಿರುವ ಮಾತ್ರೆಯಾಗಿ ಬರುತ್ತದೆ, ಪರಿಚಯದವರ ಚೀಲದಲ್ಲಿ ಅಲ್ಲ.

ಮಾತ್ರೆ ಬಿಡಬೇಡಿ. ಮಾತ್ರೆಯ ಜೊತೆ ರೀಶಿ ಕ್ಯಾಪ್ಸೂಲ್ ಸೇರಿಸಿ ನುಂಗುವುದೂ ಬೇಡ. ಊಟ ತಡವಾದ ದಿನ ಸಕ್ಕರೆ ತೀರಾ ಇಳಿದು ತೋಟದಲ್ಲೇ ಕೈ ನಡುಗಿ ಬೆವರುವಂತೆ ಮಾಡಲು ಗ್ಲಿಮಿಪಿರೈಡ್ ಒಂದೇ ಸಾಕು. ರಕ್ತ ತೆಳುವಾಗಿಸುವ ಮಾತ್ರೆಯೂ ಇದ್ದರೆ ರೀಶಿಯಿಂದ ರಕ್ತಸ್ರಾವದ ಭಯ ಹೆಚ್ಚು. ರೀಶಿ ಪುಡಿ ಸೇವಿಸಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಈಗಾಗಲೇ ಕೆಲವು ನುಂಗಿದ್ದರೆ ಮುಚ್ಚಿಡದೆ, ಡಬ್ಬಿಯೊಂದಿಗೇ ನಿಮ್ಮ ವೈದ್ಯರ ಬಳಿ ಹೋಗಿ. 8.1ನ್ನು 7ರ ಆಸುಪಾಸಿಗೆ ತರಲು ಅವರ ಕೈಯಲ್ಲಿ ಸಾಕಷ್ಟು ದಾರಿಗಳಿವೆ.

ಅಣಬೆಯ ಆಸೆಯೇ ಇದ್ದರೆ ಒಂದು ಸೌಟು ಅನ್ನ ಬಿಟ್ಟು ಆ ಜಾಗಕ್ಕೆ ಚಿಪ್ಪಣಬೆಯ ಪಲ್ಯ ಹಾಕಿಸಿಕೊಳ್ಳಿ. ಪಿಷ್ಟ ಕಡಿಮೆ, ನಾರು ಚೆನ್ನಾಗಿದೆ. ಕಾಡಿನದು ಬೇಡ, ಬೆಳೆಸಿದ್ದು ಸಾಕು.

ಅಂದಹಾಗೆ, ಬುಡದಲ್ಲಿ ಅಣಬೆ ಕಾಣಿಸಿಕೊಂಡಿದೆ ಎಂದರೆ ರೋಗ ಆ ಮರದೊಳಗೆ ಬಹಳ ದೂರ ಹೋಗಿದೆ. ನನಗೆ ಬಂದ ಪತ್ರವಾದರೂ ಇದು ತೋಟಗಾರಿಕೆಯವರಿಗೂ ಹೋಗಬೇಕಾದದ್ದು. ಬೇರಿನಿಂದ ಬೇರಿಗೆ ಹರಡುವ ರೋಗವಿದು. ಅಣಬೆ ಒಣಗಿಸುವ ಬದಲು ಮರದ ಸುತ್ತ ಕಂದಕ ತೆಗೆಸಿ, ಪಕ್ಕದ ಮರಗಳಾದರೂ ಉಳಿದಾವು.